ಚೀಟಿ ಇಲ್ಲದ ಭಾನುವಾರ

ಮೊದಲ ದಿನವೇ ನಾನು ವಿಲ್ಮಾರನ ಕೈಯಿಂದ ಮೌಸ್ ಕಿತ್ತುಕೊಂಡೆ.

ಅವನು ಮಾಡಬೇಕಾಗಿದ್ದ ಕೆಲಸ ಇಷ್ಟೇ: ಕೆಂಪು ಚಪ್ಪಲಿಯ ಫೋಟೋ ಒಂದನ್ನು ಎಳೆದು ತಂದು ಪುಟದ ಮೇಲಿಡುವುದು. ಇಟ್ಟ, ಮಾಯವಾಯಿತು. ಮತ್ತೆ ತಂದಿಟ್ಟ, ಮತ್ತೆ ಮಾಯ. ಹಣೆಯ ಬೆವರು ಒರೆಸಿಕೊಂಡು ಇನ್ನೊಮ್ಮೆ ಎಳೆಯಲು ಹೊರಟಾಗ ನನಗೆ ತಡೆಯಲಾಗಲಿಲ್ಲ.

“ಬಿಡಿ ಇತ್ತ,” ಎಂದು ಮೌಸ್ ತೆಗೆದುಕೊಂಡು, ಪುಟದ ಮೇಲಿದ್ದ ಬಿಳಿ ಚೌಕವನ್ನು ಪಕ್ಕಕ್ಕೆ ಸರಿಸಿದೆ. ಅದರ ಹಿಂದೆ ಕೆಂಪು ಚಪ್ಪಲಿಗಳು ಒಂದರ ಮೇಲೊಂದು ಪೇರಿಸಿಕೊಂಡು ಕೂತಿದ್ದವು.

“ಅಯ್ಯೋ ದೇವ್ರೇ! ಎಲ್ಲಾ ಕಳ್ದು ಹೋಯ್ತು ಅನ್ಕೊಂಡೆ. ನನ್ನ ಕಾರ್ಖಾನೇಲೂ ಇಷ್ಟು ಬೇಗ ತಯಾರಾಗಲ್ಲ ಇವು.”

“ಕಳ್ದಿಲ್ಲ. ಹಿಂದಿನ ಪದರದಲ್ಲಿವೆ. ಇದ್ರಲ್ಲಿ ಏನೂ ಕಳ್ದು ಹೋಗಲ್ಲ, ಬೇರೇದರ ಹಿಂದೆ ಬಚ್ಚಿಟ್ಕೊಂಡಿರುತ್ತೆ ಅಷ್ಟೆ.”

“ಮನುಷ್ಯರ ಥರಾನೇ ಅನ್ನಿ,” ಎಂದು ಅವನು ನಕ್ಕ. ನಗುವಾಗ ಪರದೆ ಬಿಟ್ಟು ನನ್ನ ಮುಖ ನೋಡಿದ. ಅವನ ಅಂಗಿಯಿಂದ ಚರ್ಮಕ್ಕೆ ಹಚ್ಚುವ ಅಂಟಿನ ವಾಸನೆ ಬರುತ್ತಿತ್ತು. ನಮ್ಮೂರು ಬುಕಾರಮಾಂಗಾದ ಸಾನ್ ಫ್ರಾನ್ಸಿಸ್ಕೊ ಬಡಾವಣೆಯಲ್ಲಿ ಚಪ್ಪಲಿ ಹೊಲಿಯುವ ಗಂಡಸರ ಮೈಯೆಲ್ಲ ಅದೇ ವಾಸನೆ, ಇಲ್ಲೇ ಹುಟ್ಟಿ ಬೆಳೆದ ನನಗೆ ಅದೇನು ಹೊಸದಲ್ಲ. ಆದರೂ ಅವತ್ತು ಆ ವಾಸನೆ ಹಿತವೆನ್ನಿಸಿತು.

ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಸಂಜೆ ಹೊತ್ತು ನಡೆಯುತ್ತಿದ್ದ ವೆಬ್ ಡಿಸೈನ್ ತರಗತಿ ಅದು. ಮೇಷ್ಟ್ರು ಹೆರ್ಮೆಸ್ ನಮ್ಮನ್ನೆಲ್ಲ ಮೂರು ಗುಂಪು ಮಾಡಿದ್ದರು. “ಏನೂ ಗೊತ್ತಿಲ್ಲದವ್ರು, ಅರ್ಧ ಗೊತ್ತಿರೋರು, ಮತ್ತೆ ಎಲ್ಲಾ ಗೊತ್ತು ಅನ್ಕೊಂಡಿರೋರು,” ಎಂದು ಕೊನೆಯ ಮಾತಿಗೆ ನನ್ನತ್ತ ನೋಡಿದ್ದರು. ಒಂದು ಗುಂಪಿನವರನ್ನು ಇನ್ನೊಂದು ಗುಂಪಿನವರ ಪಕ್ಕ ಕೂರಿಸುವುದು ಅವರ ಪದ್ಧತಿ.

ಅವರು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನಾನು ಓದು ಮುಗಿಸಿದಾಗಿನಿಂದ ಒಂದು ಪೀಠೋಪಕರಣದ ಅಂಗಡಿಗೆ ಪುಟ ಮಾಡಿಕೊಡುತ್ತಿರುವವಳು, ಒಂದೊಂದು ಸಾಲು ಕೋಡನ್ನೂ ಕೈಯಾರೆ ಬರೆದವಳು. ಮುಂದಿನ ಜನವರಿಯಿಂದ ಎಲ್ಲವೂ ಈ ಹೊಸ ಸಾಫ್ಟ್‌ವೇರಿನಲ್ಲೇ ಆಗಬೇಕೆಂದು ಯಜಮಾನರು ಹೇಳಿದ್ದಕ್ಕೆ ಬಂದಿದ್ದೆ. ಎಳೆದು ಇಟ್ಟರೆ ಪುಟ ಆಗುತ್ತದೆ ಎಂಬುದನ್ನು ನನ್ನ ಮನಸ್ಸು ಒಪ್ಪುತ್ತಲೇ ಇರಲಿಲ್ಲ. ಮೇಷ್ಟ್ರು ಅತ್ತ ತಿರುಗಿದರೆ ಸಾಕು, ಕದ್ದು ಕೋಡ್ ತೆರೆದು ನೋಡುತ್ತಿದ್ದೆ.

“ಏನದು ಕದ್ದು ನೋಡ್ತಿರೋದು, ದೆಯಾನಿರಾ ಅವ್ರೇ?” ಎಂದು ವಿಲ್ಮಾರ್ ಪಿಸುಗುಟ್ಟುತ್ತಿದ್ದ.

“ನಿಮಗೆ ಅರ್ಥ ಆಗಲ್ಲ, ನಿಮ್ಮ ಕೆಲಸ ನೋಡಿ.”

“ಅದನ್ನೇ ನೋಡ್ತಿದ್ದೆ. ಅಷ್ಟರಲ್ಲಿ ನೀವು ತುಟಿ ಕಚ್ಕೊಂಡ್ರಿ, ಲೆಕ್ಕ ತಪ್ಪೋಯ್ತು.”

ಆಗೆಲ್ಲ ಅವನ ಕೈಯಿಂದ ಮತ್ತೆ ಮೌಸ್ ಕಿತ್ತುಕೊಂಡು ನಾನೇ ಅವನ ಪುಟ ಸರಿಮಾಡುತ್ತಿದ್ದೆ. ಕಿತ್ತುಕೊಳ್ಳುವಾಗ ಅವನ ಬೆರಳು ನನ್ನ ಬೆರಳಿಗೆ ತಾಕುತ್ತಿತ್ತು. ಅದೂ ಒಂದು ಕಾರಣವಿರಬಹುದು. ಹೀಗೆ ಹದಿನೈದು ದಿನ ಕಳೆಯುವಷ್ಟರಲ್ಲಿ ಮಧ್ಯಾಹ್ನ ಊಟವಾದೊಡನೆ ಸಂಜೆಗೆ ಯಾವ ಅಂಗಿ ಹಾಕಲಿ ಎಂದು ಯೋಚಿಸುವ ಹುಚ್ಚು ನನಗೆ ಅಂಟಿಕೊಂಡಿತ್ತು.

ಆಮೇಲಿನ ಸೋಮವಾರ ಬಂದು ನೋಡಿದರೆ ನನ್ನ ಪಕ್ಕದ ಕುರ್ಚಿ ಖಾಲಿ. ವಿಲ್ಮಾರ್ ಕಿಟಕಿಯ ಬಳಿ, ಸೊರಾಯ್ದಾಳ ಪಕ್ಕ ಕೂತಿದ್ದ.

ಸೊರಾಯ್ದಾ ಸಮುದ್ರದ ಕಡೆಯವಳು. ಉಗುರಿಗೆ ಬಣ್ಣ ಹಚ್ಚುವ ಅಂಗಡಿ ಇಟ್ಟಿದ್ದಳು. ಅರ್ಧ ಗೊತ್ತಿರುವವರ ಗುಂಪು: ಸಿದ್ಧ ಮಾದರಿಗಳನ್ನು ಎತ್ತಿಕೊಂಡು ಕಣ್ಣು ಕುಕ್ಕುವ ಬಣ್ಣ ಬಳಿದು ಸರಸರನೆ ಪುಟ ಮುಗಿಸುತ್ತಿದ್ದಳು. ಫೋನಿನಲ್ಲಿ ತೆರೆದರೆ ಅದೇ ಪುಟ ಚೆಲ್ಲಾಪಿಲ್ಲಿ. ಆಗಲೂ ನಗುತ್ತಿದ್ದಳು. ನಮ್ಮ ಸಾಂತಾಂದೇರ್ ಸೀಮೆಯಲ್ಲಿ ಹೆತ್ತ ತಾಯಿಯೂ ಮಗಳನ್ನು ‘ನೀವು’ ಎಂದೇ ಕರೆಯುತ್ತಾಳೆ. ಗಂಡಹೆಂಡತಿ ಪಾತ್ರೆ ಎಸೆದಾಡುವಾಗಲೂ ‘ನೀವು’. ಸೊರಾಯ್ದಾಳಿಗೆ ಅದೆಲ್ಲ ಇಲ್ಲ. ಕಾವಲುಗಾರನಿಂದ ಹಿಡಿದು ಮೇಷ್ಟ್ರವರೆಗೆ ಎಲ್ಲರೂ ಅವಳಿಗೆ ‘ನೀನು’, ಎಲ್ಲರೂ ‘ಬಂಗಾರ’.

“ಯಾಕೆ ಮೇಷ್ಟ್ರೇ ಜಾಗ ಬದಲಾಯಿಸಿದ್ರಿ?” ನಾನು ಏನೂ ಆಗದವಳಂತೆ ಕೇಳಿದೆ.

“ನಾನೆಲ್ಲಿ ಬದಲಾಯಿಸ್ದೆ? ಅವ್ರೇ ಬಂದು ಕೇಳ್ಕೊಂಡ್ರು.”

ಅವನೇ ಕೇಳಿಕೊಂಡ! ನನ್ನ ಮೈಯೆಲ್ಲ ಉರಿದುಹೋಯಿತು. ಪರದೆಯ ಮೇಲೆ ಏನಿದೆ ಎಂದೇ ಕಾಣಿಸಲಿಲ್ಲ, ಕಿವಿ ಮಾತ್ರ ಕಿಟಕಿಯ ಕಡೆಗಿತ್ತು.

“ಎಲ್ಲೋಯ್ತು ಸೊರಾಯ್ದಾ ಇದು?”

“ನಂಗೇನ್ ಗೊತ್ತು ರಾಜ, ನೀನೇ ಹುಡುಕು.”

“ಸಿಗ್ತಿಲ್ಲ.”

“ಸಿಗುತ್ತೆ ಹುಡುಕೋ ಬಂಗಾರ. ನಂಗೇನೂ ಅವಸರ ಇಲ್ಲ.”

ಅವಳ ಎರಡೂ ಕೈ ಅವಳ ಮಡಿಲಲ್ಲೇ ಇದ್ದವು. ಆ ಉದ್ದನೆಯ ಹಳದಿ ಉಗುರುಗಳು ಒಮ್ಮೆಯೂ ಮೌಸಿನ ಹತ್ತಿರ ಹೋಗಲಿಲ್ಲ. ಅವನು ತಪ್ಪು ಮಾಡಿದ, ಮತ್ತೆ ತಪ್ಪು ಮಾಡಿದ, ಕೊನೆಗೆ ಬಿಳಿ ಚೌಕವನ್ನು ತಾನೇ ಸರಿಸಿ “ಸಿಕ್ತು!” ಎಂದು ಕೂಗಿದ. ಇಬ್ಬರೂ ಅಂಗೈಗೆ ಅಂಗೈ ತಟ್ಟಿಕೊಂಡರು. ನನ್ನ ಪಕ್ಕ ಅವನು ಹದಿನೈದು ದಿನದಲ್ಲಿ ಕಲಿಯದ್ದನ್ನು ಅವಳ ಪಕ್ಕ ಒಂದೇ ಸಂಜೆ ಕಲಿತ. ಅವಳ ಆ ಅಂಗೈ ನೋಡಿ ನಾನು ಹಲ್ಲು ಕಡಿದೆ.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ‘ಗುಪ್ತ ಗೆಳೆಯ’ನ ಆಟವೂ ಬಂತು. ‘ಪ್ರೀತಿ ಮತ್ತು ಸ್ನೇಹ’ದ ಹಬ್ಬದ ಶನಿವಾರಕ್ಕೆ ಮುಂಚಿನ ವಾರ ಈ ದೇಶದಲ್ಲಿ ಯಾವ ಕಚೇರಿ, ಯಾವ ಶಾಲೆಯೂ ಇದನ್ನು ತಪ್ಪಿಸಿಕೊಳ್ಳಲಾರದು. ಎಲ್ಲರ ಹೆಸರಿನ ಚೀಟಿ ಒಂದು ಚೀಲದಲ್ಲಿ. ಯಾರ ಹೆಸರು ನಿಮಗೆ ಬಂತೋ ಅವರ ಮೇಜಿಗೆ ದಿನಾ ಕದ್ದು ಸಿಹಿ ಇಡಬೇಕು, ಶನಿವಾರ ಉಡುಗೊರೆ ಕೊಟ್ಟು “ನಾನೇ” ಎನ್ನಬೇಕು. ಮೇಷ್ಟ್ರು ತಾವೇ ಚೀಟಿ ಬರೆದು ಚೀಲ ಹಿಡಿದು ಬಂದರು.

ವಿಲ್ಮಾರ್ ತನ್ನ ಚೀಟಿ ಬಿಡಿಸಿದ. ಬಿಡಿಸಿದವನ ಮುಖದ ಬಣ್ಣವೇ ಹೋಯಿತು. ಮಡಿಸಿ ಜೇಬಿಗೆ ಹಾಕಿಕೊಂಡು, ತಲೆಯೆತ್ತಿ ನೇರ ನನ್ನನ್ನೇ ನೋಡಿ, ತಕ್ಷಣ ಬೇರೆ ಕಡೆ ತಿರುಗಿದ. ನಾನೇ, ಅವನಿಗೆ ನನ್ನ ಹೆಸರೇ ಬಂದಿದೆ ಎಂದುಕೊಂಡೆ. ಆ ಸಂತೋಷದಲ್ಲೇ ನನ್ನ ಚೀಟಿ ಬಿಡಿಸಿದೆ.

‘ಸೊರಾಯ್ದಾ.’

ಊರಿನ ಇಷ್ಟು ಜನರಲ್ಲಿ ನಾನು ಸಿಹಿ ತಿನ್ನಿಸಬೇಕಾದವಳು ಅವಳು! ಬಾಯಿಗೆ ಬಂದ ಬೈಗುಳವನ್ನು ನುಂಗಿಕೊಂಡೆ.

ಮರುದಿನ ನನ್ನ ಮೇಜಿನ ಖಾನೆಯಲ್ಲಿ ಗುಲಾಬಿ ರಿಬ್ಬನ್ ಕಟ್ಟಿದ ಲಾಲಿಪಾಪ್ ಇತ್ತು. ಮೂವತ್ತು ದಾಟಿದ ಹೆಂಗಸಿಗೆ ಲಾಲಿಪಾಪ್! ಚಪ್ಪಲಿ ಹೊಲಿಯುವವನಿಗೆ ಇದಕ್ಕಿಂತ ಚೆನ್ನಾಗಿ ತೋಚಲಿಕ್ಕಿಲ್ಲ ಎಂದು ಒಬ್ಬಳೇ ನಕ್ಕೆ. ಅಲ್ಲೇ ಬಾಯಿಗಿಟ್ಟುಕೊಂಡು, ಅವನಿಗೆ ಕಾಣುವಂತೆ ಚೀಪುತ್ತ ಕೂತೆ. ಅವನು ನೋಡಿದ. ಕಿವಿ ಕೆಂಪಾಯಿತು. ನನಗೆ ಇನ್ನೇನು ಸಾಕ್ಷಿ ಬೇಕಿತ್ತು? ಆ ರಾತ್ರಿ ರಿಬ್ಬನ್ನನ್ನು ದಿಂಬಿನ ಕೆಳಗಿಟ್ಟುಕೊಂಡು ಮಲಗಿದೆ, ನಾಚಿಕೆ ಬಿಟ್ಟು ಹೇಳುತ್ತಿದ್ದೇನೆ.

ಬುಧವಾರ ನಾನು ಸೊರಾಯ್ದಾಳ ಖಾನೆಗೆ ಸೀಬೆಹಣ್ಣಿನ ಹಲ್ವ ಹಾಕಲು ತರಗತಿಗೆ ಬೇಗ ಹೋದೆ. ಬಾಗಿಲ ಸಂದಿಯಲ್ಲೇ ನಿಲ್ಲಬೇಕಾಯಿತು. ವಿಲ್ಮಾರ್ ಆಗಲೇ ಅವಳ ಮೇಜಿನ ಬಳಿಯಿದ್ದ. ಅತ್ತಿತ್ತ ನೋಡಿ, ಕಾಗದದಲ್ಲಿ ಸುತ್ತಿದ ಕೊಬ್ಬರಿ ಮಿಠಾಯಿಯನ್ನು ಅವಳ ಖಾನೆಯೊಳಗೆ ಇಟ್ಟ. ಸಮುದ್ರದ ಕಡೆಯವರು ಪ್ರಾಣ ಬಿಡುವ ಮಿಠಾಯಿ ಅದು. ಇಟ್ಟು ಖಾನೆ ಮುಚ್ಚಿ, ಸಿಳ್ಳೆ ಹಾಕುತ್ತ ಕಾಫಿಗೆ ಹೋದ.

ಬೇರೆ ಯಾರೇ ಆಗಿದ್ದರೂ ಆಟ ತಾನೇ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ನನಗೆ ಆ ಸಮಾಧಾನವೂ ಇರಲಿಲ್ಲ. ಸೊರಾಯ್ದಾಳ ಚೀಟಿ ನನ್ನ ಪರ್ಸಿನಲ್ಲಿತ್ತು! ಅವಳಿಗೆ ಸಿಹಿ ಇಡಬೇಕಾದವಳು ನಾನೊಬ್ಬಳೇ. ಅವನು ಇಡುವುದು ಆಟಕ್ಕಲ್ಲ, ಮನಸ್ಸಿನಿಂದ. ನನಗೆ ಬಂದದ್ದು ಚೀಟಿಯ ಲಾಲಿಪಾಪ್, ಅವಳಿಗೆ ಬಂದದ್ದು ಪ್ರೀತಿಯ ಮಿಠಾಯಿ. ಹಲ್ವವನ್ನು ಮೆಟ್ಟಿಲ ಮೇಲೆ ಕೂತು ನಾನೇ ತಿಂದೆ.

ಗುರುವಾರ ಅವಳ ಖಾನೆಗೆ ನಾನು ಇಟ್ಟದ್ದು ಹುರಿದ ಇರುವೆ. ನಮ್ಮ ಸೀಮೆಯ ದಪ್ಪ ಹಿಂಭಾಗದ ಇರುವೆ, ಉಪ್ಪು ಹಾಕಿ ಗರಿಗರಿಯಾಗಿ ಹುರಿದದ್ದು. ನಮಗದು ಹಬ್ಬದ ತಿಂಡಿ. ಹೊರಗಿನಿಂದ ಬಂದವರು ನೋಡಿದರೇ ಕಿರುಚುತ್ತಾರೆ. ಅವಳು ಕುರ್ಚಿ ಬೀಳಿಸಿಕೊಂಡು ಓಡುವುದನ್ನು ವಿಲ್ಮಾರ್ ಕಣ್ಣಾರೆ ನೋಡಲಿ ಎಂದು ಕಾದು ಕೂತೆ.

ಸೊರಾಯ್ದಾ ಪೊಟ್ಟಣ ಬಿಚ್ಚಿದಳು. ಮೂಸಿದಳು. ಒಂದನ್ನು ಬಾಯಿಗೆ ಹಾಕಿಕೊಂಡಳು.

“ಅಮ್ಮಮ್ಮಾ, ಏನು ರುಚಿ!” ಎಂದು ಒಂದು ಹಿಡಿ ಮುಕ್ಕಿದಳು. “ಯಾರೋ ಪುಣ್ಯಾತ್ಮ ಬೆಲೆಬಾಳೋದನ್ನೇ ಇಟ್ಟಿದಾನೆ! ಬಾಯಿ ತೆಗಿ ರಾಜ.”

ವಿಲ್ಮಾರ್ ಬಾಯಿ ತೆಗೆದ. ಆ ಹಳದಿ ಉಗುರುಗಳು ನಾನು ತಂದ ಇರುವೆಯನ್ನು ಅವನ ಬಾಯಿಗೆ ಹಾಕಿದವು. ಅವನು ಅಗಿಯುತ್ತ ನನ್ನ ಕಡೆ ನೋಡಿದ. ನಾನು ಮುಖ ಗಂಟಿಕ್ಕಿಕೊಂಡು, ಸಂಜೆಯಿಡೀ ಕಟ್ಟಿದ ಪುಟವನ್ನು ಉಳಿಸದೆ ಮುಚ್ಚಿಬಿಟ್ಟೆ. ಎಷ್ಟೋ ವರ್ಷದಿಂದ ಈ ಕೆಲಸ ಮಾಡುವವಳು ಮಾಡುವ ತಪ್ಪೇ ಅದು? ಮೇಷ್ಟ್ರು ಬಂದು ನೋಡಿ, “ಎಲ್ಲಾ ಗೊತ್ತಿರೋರಿಗೂ ಹೀಗಾಗುತ್ತೆ,” ಎಂದು ಬೆನ್ನು ತಟ್ಟಿ ಹೋದರು.

ಶನಿವಾರ ಕುರ್ಚಿಗಳನ್ನು ದುಂಡಗೆ ಹಾಕಿ ಕೂತೆವು. ನಾನು ಎದ್ದು ಸೊರಾಯ್ದಾಳಿಗೆ ಒಂದು ಶಾಲು ಕೊಟ್ಟೆ.

“ನೀನಾ! ಆ ಇರುವೆ ನಿಂದಾ!” ಎಂದು ಅವಳು ನನ್ನ ಕುತ್ತಿಗೆಗೆ ಜೋತುಬಿದ್ದಳು. “ಈ ಊರಿಗೆ ಬಂದಾಗಿಂದ ಯಾರೂ ನಂಗೆ ಇಷ್ಟು ಪ್ರೀತಿಯಿಂದ ಏನೂ ಕೊಟ್ಟಿರ್ಲಿಲ್ಲ ಕಣೇ.”

ನನಗೆ ಅವಳ ಮುಖ ನೋಡಲಾಗಲಿಲ್ಲ. ಅವಳು ಅಲ್ಲೇ ತನ್ನ ಚೀಲಕ್ಕೆ ಕೈಹಾಕಿ ಉಗುರುಬಣ್ಣದ ಸೀಸೆಗಳ ಡಬ್ಬಿಯೊಂದನ್ನು ತೆಗೆದು, “ತಗೋ. ನಿನ್ನ ಗುಪ್ತ ಗೆಳತಿ ನಾನೇ!” ಎಂದಳು.

“ಲಾಲಿಪಾಪ್?”

“ಮತ್ತಿನ್ಯಾರು? ರಿಬ್ಬನ್ ಚೆನ್ನಾಗಿತ್ತಾ?”

ದಿಂಬಿನ ಕೆಳಗಿದ್ದ ರಿಬ್ಬನ್ ನೆನಪಾಗಿ ಅಳು ಬರುವ ಹಾಗಾಯಿತು. ಅಷ್ಟರಲ್ಲಿ ವಿಲ್ಮಾರ್ ಎದ್ದು ಮೇಷ್ಟ್ರ ಕೈಗೆ ಒಂದು ಚರ್ಮದ ಬೆಲ್ಟ್ ಕೊಟ್ಟ. ಮೇಷ್ಟ್ರು ಒಮ್ಮೆ ಬೆಲ್ಟನ್ನೂ ಒಮ್ಮೆ ಅವನನ್ನೂ ನೋಡಿದರು.

“ನೀವು ಹೇಗೆ? ನಿಮಗೆ ಬಂದದ್ದು ದೆಯಾನಿರಾ ಅವರ ಚೀಟಿ. ನನ್ನ ಮುಂದೇನೇ ಬಿಡಿಸಿದ್ರಲ್ಲ. ಮುಖ ಸುಣ್ಣ ಆಗಿತ್ತು, ಅದಕ್ಕೇ ಚೆನ್ನಾಗಿ ನೆನಪಿದೆ.”

ವಿಲ್ಮಾರ್ ನೆಲ ನೋಡುತ್ತ ನಿಂತ. ಸೊರಾಯ್ದಾ ಮಾತ್ರ ಕಿಸಕ್ಕನೆ ನಕ್ಕು, “ನಿನ್ ಚೀಟಿ ನಂಗೆ ಬಂದಿತ್ತು ಮೇಷ್ಟ್ರೇ, ನನ್ ಹತ್ರ ಬದಲಾಯಿಸ್ಕೊಂಡ. ಸುಮ್ನೆ ಅಲ್ಲ, ದಿನಕ್ಕೊಂದು ಕೊಬ್ಬರಿ ಮಿಠಾಯಿ ಲಂಚ!” ಎಂದಳು.

ಹಾಗಾದರೆ ಮಿಠಾಯಿ ಪ್ರೀತಿಗಲ್ಲ ಎಂದು ತಿಳಿಯಿತು. ಅದರಿಂದ ನನಗೆ ತಂಪಾಗಬೇಕಿತ್ತು, ಆಗಲಿಲ್ಲ. ನನ್ನ ಹೆಸರು ಕೈಗೆ ಬಂದಿತ್ತು, ಅದನ್ನು ತೊಲಗಿಸಿಕೊಳ್ಳಲು ಲಂಚ ಕೊಟ್ಟಿದ್ದ. ಮೊದಲು ಪಕ್ಕದ ಕುರ್ಚಿ ಬೇಡವಾಯಿತು, ಆಮೇಲೆ ಹೆಸರೂ ಬೇಡವಾಯಿತು. ಸೊರಾಯ್ದಾಳ ಮೇಲಾದರೆ ಹೊಟ್ಟೆಕಿಚ್ಚು ಪಡಬಹುದಿತ್ತು. ಇದಕ್ಕೆ ಯಾರ ಮೇಲೆ ಪಡಲಿ?

“ನಿಜಾನಾ?” ಎಂದು ಎಲ್ಲರೆದುರಿಗೇ ಕೇಳಿದೆ. ನಾವು ಸಾಂತಾಂದೇರಿನ ಹೆಂಗಸರು, ನುಂಗಿಕೊಂಡು ಮನೆಗೆ ಹೋಗಿ ಅಳುವವರಲ್ಲ.

“ನಿಜ,” ಎಂದ.

“ಯಾಕೆ?”

ಅವನು ಸುತ್ತ ಕೂತವರನ್ನು ನೋಡಿದ. “ಇವತ್ತು ಬೇಡ. ನಾಳೆ ಹೇಳ್ತೀನಿ.”

“ನಾಳೆ ನನಗೆ ಬೇರೆ ಕೆಲಸ ಇದೆ,” ಎಂದು ಉಗುರುಬಣ್ಣದ ಡಬ್ಬಿ ಎತ್ತಿಕೊಂಡು ಹೊರಟೆ. ಮೆಟ್ಟಿಲಿಳಿಯುವಾಗ ಹಿಂದಿನಿಂದ ಯಾರಾದರೂ ಕರೆಯುತ್ತಾರೇನೋ ಎಂದು ನಿಧಾನಿಸಿದೆ. ಯಾರೂ ಕರೆಯಲಿಲ್ಲ. ಬೀದಿಯ ತುಂಬ ಜೋಡಿಗಳು, ಹೂವು, ಬಲೂನು. ಬಸ್ಸಿನಲ್ಲಿ ನನ್ನ ಪಕ್ಕ ಕೂತ ಮುದುಕನ ಕೈಯಲ್ಲೂ ಒಂದು ಗುಲಾಬಿಯಿತ್ತು.

ಭಾನುವಾರ ಬೆಳಿಗ್ಗೆ ಕೂದಲು ಗುಂಗುರಾಗಲೆಂದು ತಲೆಗೆ ಸುರುಳಿ ಕಟ್ಟಿಕೊಂಡು, ಅಮ್ಮನ ಹಳೇ ನಿಲುವಂಗಿ ತೊಟ್ಟು, ಅಡಿಗೆಮನೆಯಲ್ಲಿ ಅಮ್ಮನ ಜೊತೆ ಕಡಲೆ ಸುಲಿಯುತ್ತಿದ್ದೆ. ಭಾನುವಾರ ನಮ್ಮನೆಯಲ್ಲಿ ಮುತೆ: ಜೋಳ, ಕಡಲೆ, ಮಾಂಸ ಎಲ್ಲ ಸೇರಿಸಿ ಬೇಯಿಸುವ ಗಟ್ಟಿ ಸಾರು. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ವಿಲ್ಮಾರ್.

ಎರಡೂ ಕೈ ಬರಿದು. ಇಸ್ತ್ರಿ ಅಂಗಿ, ಬಾಚಿದ ತಲೆ, ಅದೇ ಅಂಟಿನ ವಾಸನೆ. ನನ್ನ ತಲೆಯ ಸುರುಳಿಗಳನ್ನು ನೋಡಿ ಅವನ ಕಣ್ಣು ನಕ್ಕಿತು, ಬಾಯಿ ನಗುವ ಧೈರ್ಯ ಮಾಡಲಿಲ್ಲ.

“ಏನೂ ತಂದಿಲ್ಲ,” ಎಂದ.

“ಕಾಣುತ್ತೆ.”

“ಬೇಕಂತಲೇ ತಂದಿಲ್ಲ. ನಿನ್ನೆ ಇಡೀ ಊರು ಕೊಟ್ಟಿತು. ಕೊಡ್ಲೇಬೇಕು ಅಂತ ಕೊಟ್ಟೋರೇ ಜಾಸ್ತಿ. ನಿಮ್ಮ ಚೀಟಿ ಕೈಗೆ ಬಂದಾಗ ನನಗೆ ಭಯ ಆಯ್ತು. ನಾನು ಏನೇ ಕೊಟ್ರೂ ನೀವು ‘ಪಾಪ, ಚೀಟಿ ಬಂತು, ಕೊಟ್ಟ’ ಅನ್ಕೊಳ್ತಿದ್ರಿ. ಥ್ಯಾಂಕ್ಸ್ ಹೇಳಿ ಬ್ಯಾಗಿಗೆ ಹಾಕ್ಕೊಂಡು ಹೋಗ್ತಿದ್ರಿ. ನನಗೆ ಅದು ಬೇಡವಾಗಿತ್ತು.” ಅವನು ಉಸಿರೆಳೆದುಕೊಂಡ. “ಇವತ್ತು ಯಾವ ಆಟಾನೂ ಇಲ್ಲ. ಯಾವ ಚೀಟೀನೂ ನನ್ನನ್ನ ಇಲ್ಲಿಗೆ ಕಳಿಸಿಲ್ಲ. ನಾನೇ ಬಂದೆ.”

ನನ್ನ ಕೈಯಲ್ಲಿದ್ದ ಕಡಲೆಗಳು ನೆಲಕ್ಕೆ ಬಿದ್ದವು. ಆದರೂ ನನ್ನ ಹೊಟ್ಟೆಕಿಚ್ಚು ಅಷ್ಟು ಸುಲಭಕ್ಕೆ ಆರುವಂಥದ್ದಲ್ಲ.

“ಕುರ್ಚಿ? ಅದನ್ಯಾಕೆ ಬದಲಾಯಿಸಿದ್ರಿ?”

“ನಿಮ್ಮ ಪಕ್ಕ ಕೂತ್ರೆ ನನಗೆ ಏನೂ ಕಲಿಯೋಕಾಗ್ತಿರ್ಲಿಲ್ಲ. ಒಂದು, ನೀವು ಮೌಸ್ ಕಿತ್ಕೊಳ್ತಿದ್ರಿ. ಬೇಜಾರಾಗ್ತಿತ್ತು, ಸುಳ್ಳು ಹೇಳಲ್ಲ. ಇನ್ನೊಂದು, ಕಿತ್ಕೊಳ್ಳೋವಾಗ ನಿಮ್ಮ ಕೈ ತಾಕ್ತಿತ್ತು. ಆಮೇಲೆ ಮೇಷ್ಟ್ರು ಹೇಳಿದ್ದು ಒಂದೂ ಕಿವಿಗೆ ಹೋಗ್ತಿರ್ಲಿಲ್ಲ. ಪುಟಾನ ನಾನೇ ಮುಗಿಸ್ಬೇಕಿತ್ತು. ನೀವು ಮಾಡಿಕೊಟ್ಟ ಪುಟ ಹಿಡ್ಕೊಂಡು ನಿಮ್ಮನೆ ಬಾಗಿಲಿಗೆ ಹೇಗೆ ಬರ್ಲಿ?”

ಜೇಬಿನಿಂದ ಫೋನ್ ತೆಗೆದು ನನ್ನ ಕೈಗಿಟ್ಟ. ಅವನ ಪುಟ. ಬಣ್ಣ ಸ್ವಲ್ಪ ಜಾಸ್ತಿ, ಅಕ್ಷರ ಸ್ವಲ್ಪ ದಪ್ಪ, ಆದರೆ ಎಲ್ಲ ತನ್ನ ತನ್ನ ಜಾಗದಲ್ಲಿ, ಫೋನಿನಲ್ಲೂ ನೆಟ್ಟಗೆ. ಒಂದೊಂದು ಚಪ್ಪಲಿಯ ಕೆಳಗೂ ಒಂದೊಂದು ಹೆಂಗಸಿನ ಹೆಸರು, ನಮ್ಮ ಚಪ್ಪಲಿಯವರು ಮಾದರಿಗಳನ್ನು ಹಾಗೆಯೇ ಕರೆಯುತ್ತಾರೆ. ಅವನ ತಾಯಿಯ ಹೆಸರಿತ್ತು, ತಂಗಿಯ ಹೆಸರಿತ್ತು. ಹಳದಿ ಹಿಮ್ಮಡಿಯ ಒಂದು ಜೋಡಿಯ ಕೆಳಗೆ ‘ಸೊರಾಯ್ದಾ’ ಎಂದಿತ್ತು. ಕೊನೆಯವರೆಗೂ ಎಳೆದು ನೋಡಿದೆ, ಮತ್ತೆ ಮೇಲಿನಿಂದ ನೋಡಿದೆ.

“ನನ್ನ ಹೆಸರಿಲ್ಲ.”

“ಇಲ್ಲ.”

“ಅವಳದಿದೆ.”

“ಇದೆ.”

“ವಿಲ್ಮಾರ್, ನಾನು ಹೊಟ್ಟೆಕಿಚ್ಚಿನ ಹೆಂಗಸು. ಮೊದಲೇ ಹೇಳ್ಬಿಡ್ತೀನಿ. ಅವಳು ಹೆದರ್ಲಿ ಅಂತ ಇರುವೆ ಇಟ್ಟವಳು. ಅವಳು ನಿಮ್ಮ ಬಾಯಿಗೆ ಹಾಕಿದಾಗ ನಿಮ್ಮಿಬ್ಬರನ್ನೂ ಕಿಟಕಿಯಿಂದ ಆಚೆ ಎಸೀಬೇಕು ಅನ್ನಿಸ್ತು. ಇದೆಲ್ಲ ಯಾಕೆ ಅಂತ ನಿಮಗೆ ಗೊತ್ತಿರ್ಬೇಕು. ನನಗೆ ನೀವು ಬೇಕು. ಈಗ ಹೇಳಿ, ನನ್ನ ಹೆಸರು ಯಾಕಿಲ್ಲ?”

ಅವನು ನಗಲಿಲ್ಲ. ಒಂದು ಹೆಜ್ಜೆ ಹತ್ತಿರ ಬಂದ, ಹೊಸ್ತಿಲ ಮೇಲೆ ನಿಂತ.

“ನಿಮ್ಮ ಹೆಸರು ಇಟ್ರೆ ಏನಾಗುತ್ತೆ ಗೊತ್ತಾ? ದಿನಾ ಯಾರ್ಯಾರೋ ಫೋನ್ ಮಾಡ್ತಾರೆ. ‘ದೆಯಾನಿರಾ ಇದೆಯಾ? ಕಪ್ಪು ಬೇಡ, ಕಂದು ಕೊಡಿ. ಬೆಲೆ ಜಾಸ್ತಿ ಆಯ್ತು, ಇಳಿಸಿ’ ಅಂತಾರೆ. ಯಾವನೋ ಅಂಗಡಿಯವನು ಡಜನ್ ಲೆಕ್ಕದಲ್ಲಿ ದೆಯಾನಿರಾ ಕೇಳ್ತಾನೆ. ನಾನು ಅವನ ಜೊತೆ ಹೊಡೆದಾಟಕ್ಕೇ ಇಳೀತೀನಿ.” ಅವನ ಕಿವಿ ಕೆಂಪಾಗಿತ್ತು. “ನೀವೊಬ್ಬರೇ ಹೊಟ್ಟೆಕಿಚ್ಚಿನೋರು ಅನ್ಕೊಂಡಿದ್ರಾ?”

ನಾನು ಅವನ ಅಂಗಿಯ ಕಾಲರ್ ಹಿಡಿದು ಎಳೆದುಕೊಂಡೆ. ಸುರುಳಿಗಳು ಅವನ ಹಣೆಗೆ ತಾಕಿದವು. ಅವನ ತುಟಿಯಲ್ಲಿ ಕಾಫಿಯ ರುಚಿಯಿತ್ತು. ಎದುರುಮನೆಯ ಕಿಟಕಿ ತೆರೆದುಕೊಂಡ ಸದ್ದು ಕೇಳಿಸಿತು, ನಾನು ಬಿಡಲಿಲ್ಲ.

“ಮಗಳೇ!” ಅಡಿಗೆಮನೆಯಿಂದ ಅಮ್ಮ ಕೂಗಿದಳು. “ಬಾಗಿಲು ತೆಗೆದಿಟ್ಟು ಎಲ್ಲಿ ಹಾಳಾಗಿ ಹೋದ್ರಿ ನೀವು? ಯಾರ್ರೀ ಬಂದಿರೋದು?”

ಅವನು ಗಾಬರಿಯಾಗಿ ಹಿಂದೆ ಸರಿಯಲು ನೋಡಿದ. ನಾನು ಕಾಲರ್ ಇನ್ನೂ ಬಿಟ್ಟಿರಲಿಲ್ಲ.

“ನಮ್ಮೋರು, ಅಮ್ಮ,” ಎಂದೆ. “ಇನ್ನೊಂದು ತಟ್ಟೆ ಇಡಿ.”